ಅಯೋಗ್ಯಳೆಂದು ಪ್ರಭುಭೋಜನ ಬಿಡುವುದು ದೀನತೆಯೇ?

ಪ್ರಶ್ನೆ: ನನಗೆ 58 ವರ್ಷ. ಬೆಂಗಳೂರಿನ ಲಿಂಗರಾಜಪುರದಲ್ಲಿದ್ದೇನೆ, ನಿವೃತ್ತ ಶಾಲಾ ಶಿಕ್ಷಕಿ. ಹುಟ್ಟಿದಾಗಿನಿಂದ ಕನ್ನಡ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಚರ್ಚಿನಲ್ಲಿ ಬೆಳೆದವಳು. ಸೈಟಿನ ಪಾಲಿನ ವಿಷಯಕ್ಕೆ ತಮ್ಮನೊಂದಿಗೆ ಜಗಳವಾಡಿ ಆರು ತಿಂಗಳು ಅವನ ಮನೆಗೆ ಕಾಲಿಡಲಿಲ್ಲ. ಅಮ್ಮ ಅಲ್ಲೇ ಇದ್ದರು. ಅವರು ಕಣ್ಣು ಮುಚ್ಚಿದಾಗ ನಾನು ಹತ್ತಿರವಿರಲಿಲ್ಲ. ಅಂದಿನಿಂದ ಆರು ವರ್ಷ ಪ್ರಭುಭೋಜನ, ಅಂದರೆ ಯೇಸುವಿನ ನೆನಪಿಗೆ ಸಭೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ, ತೆಗೆದುಕೊಂಡಿಲ್ಲ. ಸಂಡೆ ಸ್ಕೂಲ್ ನಡೆಸುತ್ತೇನೆ, ಆಲ್ಟರ್ ಬಟ್ಟೆ ಒಗೆದು ಇಸ್ತ್ರಿ ಮಾಡುತ್ತೇನೆ, ಸುಗ್ಗಿ ಹಬ್ಬಕ್ಕೆ ಓಡಾಡುತ್ತೇನೆ. ಎಲ್ಲರೂ ಮುಂದೆ ಹೋಗುವಾಗ ಮಾತ್ರ ಕೊನೆಯ ಬೆಂಚಿನಲ್ಲಿ ಕೂತಿರುತ್ತೇನೆ. ಹೋದ ವರ್ಷ ಮೊಣಕಾಲಿನ ಆಪರೇಷನ್ ಆದಾಗ ಸಭೆಯ ಹೆಂಗಸರು ಸರದಿಯ ಮೇಲೆ ಮೂರು ವಾರ ಊಟ ತಂದುಕೊಟ್ಟರು. ಬರಿ ಡಬ್ಬಿ ವಾಪಸ್ ಕೊಡಲಾಗದೆ ವಾಕರ್ ಹಿಡಿದು ನಿಂತು ಕೊಬ್ಬರಿ ಮಿಠಾಯಿ ಮಾಡಿದೆ. ಅದನ್ನು ನೋಡಿದ ಗೆಳತಿ ‘ಇದು ನಿನ್ನ ಜಂಬ, ದೇವರ ಹತ್ತಿರವೂ ಇದೇ ಜಂಬ’ ಎಂದಳು. ನಾನು ಯೋಗ್ಯಳಲ್ಲ ಎಂದುಕೊಳ್ಳುವುದು ಜಂಬ ಹೇಗಾಗುತ್ತದೆ? ಕೃಪೆ ಬಿಟ್ಟಿ ಸಿಗುವುದಾದರೆ ನಮ್ಮ ಪಶ್ಚಾತ್ತಾಪಕ್ಕೆ, ಪ್ರಯತ್ನಕ್ಕೆ ಏನರ್ಥ?

ಉತ್ತರ: ಸಹೋದರಿ, ಜಂಬ ಎಂಬ ಮಾತನ್ನು ನಾನಾಗಿದ್ದರೆ ಆಡುತ್ತಿರಲಿಲ್ಲ. ತಾಯಿಯ ಕೊನೆಗಾಲಕ್ಕೆ ಒದಗಲಿಲ್ಲವೆಂಬ ನೋವನ್ನು ಆರು ವರ್ಷ ಒಬ್ಬರೇ ಹೊತ್ತಿದ್ದೀರಿ. ಅಂಥವರಿಗೆ ಆ ಮಾತು ಹೇಳಲು ನನಗೆ ನಾಲಿಗೆ ಬರುವುದಿಲ್ಲ. ಆದರೆ ಗೆಳತಿ ಕಂಡದ್ದು ಸುಳ್ಳಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮನ್ನು ಆ ಬೆಂಚಿಗೆ ಕಟ್ಟಿಹಾಕಿರುವ ವಚನದ ಗಂಟು ಬಿಚ್ಚೋಣ.

ನೀವು ಬರೆದಿಲ್ಲ, ಆದರೂ ಅದು ಅಪೊಸ್ತಲ ಪೌಲ ಕೊರಿಂಥ ಪಟ್ಟಣದ ಸಭೆಗೆ ಬರೆದ ಒಂದನೇ ಪತ್ರಿಕೆಯ 11ನೇ ಅಧ್ಯಾಯವೇ ಇರಬೇಕು. ಮೂವತ್ತು ವರ್ಷದ ಸಭಾಪಾಲನೆಯಲ್ಲಿ ಪ್ರಭುಭೋಜನ ಬಿಟ್ಟು ಕೂತ ಎಷ್ಟೋ ಮಂದಿಯನ್ನು ಮಾತಾಡಿಸಿದ್ದೇನೆ, ಬಹುತೇಕ ಎಲ್ಲರೂ ಇದೇ ವಚನ ತೋರಿಸಿದವರು. ಅಯೋಗ್ಯವಾಗಿ ರೊಟ್ಟಿ ತಿಂದು ಪಾತ್ರೆಯಲ್ಲಿ ಕುಡಿಯುವವನು ಕರ್ತನ ದೇಹಕ್ಕೂ ರಕ್ತಕ್ಕೂ ವಿರುದ್ಧವಾಗಿ ತಪ್ಪು ಮಾಡಿದವನಾಗುತ್ತಾನೆ ಎಂದು ಪೌಲ ಅಲ್ಲಿ ಎಚ್ಚರಿಸುತ್ತಾನೆ. ಕೇಳಿದರೆ ಯಾರಿಗಾದರೂ ಎದೆ ನಡುಗುತ್ತದೆ. ಆದರೆ ಪಾಠ ಹೇಳಿದ ನಿಮಗೆ ಒಂದು ವಿಷಯ ಬೇಗ ಹೊಳೆಯುತ್ತದೆ. ಗ್ರೀಕ್ ಮೂಲದಲ್ಲಿರುವ ‘ಅನಾಕ್ಸಿಯೋಸ್’ ಎಂಬ ಪದ ಕ್ರಿಯಾವಿಶೇಷಣ. ಅಯೋಗ್ಯರು ತಿನ್ನಬಾರದು ಎಂದು ಪೌಲ ಬರೆಯಲಿಲ್ಲ, ಅಯೋಗ್ಯವಾಗಿ ತಿನ್ನಬಾರದು ಎಂದು ಬರೆದ. ಮಾತಿರುವುದು ಊಟ ಮಾಡುವ ರೀತಿಯ ಮೇಲೆ.

ಆ ರೀತಿ ಯಾವುದು ಎನ್ನುವುದೂ ಅದೇ ಅಧ್ಯಾಯದಲ್ಲಿದೆ. ಕೊರಿಂಥದಲ್ಲಿ ಪ್ರಭುಭೋಜನ ನಿಜವಾದ ಊಟದ ಜೊತೆಗೇ ನಡೆಯುತ್ತಿತ್ತು. ಉಳ್ಳವರು ತಮ್ಮ ಊಟವನ್ನು ತಾವು ಮೊದಲೇ ಮುಗಿಸಿಬಿಡುತ್ತಿದ್ದರು, ಇಲ್ಲದವರಿಗೆ ಏನೂ ಉಳಿಯುತ್ತಿರಲಿಲ್ಲ. ಒಬ್ಬ ಹಸಿದು ಕೂತಿದ್ದರೆ ಇನ್ನೊಬ್ಬನಿಗೆ ಅಮಲೇರಿರುತ್ತಿತ್ತು. ನಮ್ಮ ಭಾಷೆಯಲ್ಲಿ ಇದಕ್ಕೆ ಪಂಕ್ತಿಭೇದ ಎಂಬ ಪದವೇ ಇದೆ. ಪೌಲನ ಸಿಟ್ಟು ಆ ಪಂಕ್ತಿಭೇದದ ಮೇಲೆ. ಪಾಪದ ಭಾರದಿಂದ ಕುಗ್ಗಿ ಕೂತ ಹೆಣ್ಣುಮಗಳೊಬ್ಬಳನ್ನು ಊಟದಿಂದ ಎಬ್ಬಿಸುವ ಉದ್ದೇಶ ಅವನಿಗಿರಲಿಲ್ಲ. ಮುಂದಿನ ವಾಕ್ಯವನ್ನೂ ಓದಿ: ಪ್ರತಿಯೊಬ್ಬನು ತನ್ನನ್ನು ಪರೀಕ್ಷಿಸಿಕೊಂಡು, ಹಾಗೆ ಆ ರೊಟ್ಟಿಯನ್ನು ತಿನ್ನಲಿ. ವಾಕ್ಯ ಮುಗಿಯುವುದು ತಿನ್ನುವುದರಲ್ಲಿ. ನಾವು ಪರೀಕ್ಷೆಯ ಹತ್ತಿರವೇ ನಿಲ್ಲಿಸಿ, ನಾವೇ ಫೇಲ್ ಮಾಡಿಕೊಂಡು ಕೂತುಬಿಡುತ್ತೇವೆ.

ನಮ್ಮ ಆರಾಧನಾ ಕ್ರಮದಲ್ಲಿ ರೊಟ್ಟಿ ಹಂಚುವ ಮುನ್ನ ಎಲ್ಲರೂ ಸೇರಿ ಮಾಡುವ ಪ್ರಾರ್ಥನೆ ನಿಮಗೆ ಬಾಯಿಪಾಠವಾಗಿರುತ್ತದೆ. ನಮ್ಮ ಸ್ವಂತ ನೀತಿಯನ್ನು ನೆಚ್ಚಿ ಈ ಮೇಜಿಗೆ ಬರುತ್ತಿಲ್ಲ, ಮೇಜಿನ ಕೆಳಗೆ ಬಿದ್ದ ಚೂರುಗಳನ್ನು ಆಯ್ದುಕೊಳ್ಳಲೂ ನಾವು ಯೋಗ್ಯರಲ್ಲ ಎಂಬ ಅರ್ಥದ ಪ್ರಾರ್ಥನೆ ಅದು. 1548ರಲ್ಲಿ ಇಂಗ್ಲೆಂಡಿನಲ್ಲಿ ಥಾಮಸ್ ಕ್ರಾನ್ಮರ್ ರೂಪಿಸಿದ್ದು, ಅಲ್ಲಿಂದ ನಮ್ಮವರೆಗೆ ಬಂದಿದೆ. ಕಥೋಲಿಕರ ಬಲಿಪೂಜೆಯಲ್ಲೂ ಇದೇ ಜಾಗದಲ್ಲಿ, ನೀನು ನನ್ನ ಮನೆಗೆ ಬರುವಷ್ಟು ಯೋಗ್ಯತೆ ನನಗಿಲ್ಲ ಎಂದ ರೋಮಿನ ಶತಾಧಿಪತಿಯ ಮಾತು ಬರುತ್ತದೆ. ಇಡೀ ಸಭೆ ‘ಯೋಗ್ಯರಲ್ಲ’ ಎಂದು ಬಾಯಿಬಿಟ್ಟು ಹೇಳಿ, ಆಮೇಲೆ ಎದ್ದು ಮುಂದೆ ಹೋಗುತ್ತದೆ. ನೀವೂ ಅದೇ ಮಾತನ್ನು ಹೇಳುತ್ತೀರಿ, ಆದರೆ ಏಳುವುದಿಲ್ಲ. ವ್ಯತ್ಯಾಸ ಅಷ್ಟೇ ಇರುವುದು.

ಚೂರುಗಳ ಆ ಮಾತು ಎಲ್ಲಿಂದ ಬಂತು ನೋಡಿ. ಮಾರ್ಕನ 7ನೇ ಅಧ್ಯಾಯದಲ್ಲಿ ಯೆಹೂದ್ಯಳಲ್ಲದ ಹೆಂಗಸೊಬ್ಬಳು ದೆವ್ವ ಹಿಡಿದ ಮಗಳಿಗಾಗಿ ಯೇಸುವಿನ ಕಾಲಿಗೆ ಬೀಳುತ್ತಾಳೆ. ಮಕ್ಕಳ ರೊಟ್ಟಿಯನ್ನು ನಾಯಿಮರಿಗಳಿಗೆ ಹಾಕುವುದು ಸರಿಯಲ್ಲ ಎಂಬ ಕಠಿಣ ಉತ್ತರ ಬರುತ್ತದೆ. ಅವಳು ಅವಮಾನವಾಯಿತೆಂದು ಎದ್ದು ಹೋಗಲಿಲ್ಲ, ತಾನು ಅಷ್ಟೇನೂ ಕೀಳಲ್ಲವೆಂದು ವಾದ ಹೂಡಲೂ ಇಲ್ಲ. ಹೌದು ಸ್ವಾಮಿ, ಆದರೂ ಮೇಜಿನ ಕೆಳಗಿನ ನಾಯಿಮರಿಗಳು ಮಕ್ಕಳ ಕೈಯಿಂದ ಬಿದ್ದ ಚೂರು ತಿನ್ನುತ್ತವಲ್ಲ ಎಂದಳು. ‘ಹೌದು’ ಎನ್ನುವುದೂ ಇದೆ, ‘ಆದರೂ’ ಎನ್ನುವುದೂ ಇದೆ. ನಿಮ್ಮಲ್ಲಿ ಹೌದು ಗಟ್ಟಿಯಾಗಿದೆ, ಆದರೂ ಎನ್ನುವುದು ಎಲ್ಲೋ ಕಳೆದುಹೋಗಿದೆ.

ಈಗ ಕೊಬ್ಬರಿ ಮಿಠಾಯಿಯ ವಿಷಯ. ಬರಿ ಡಬ್ಬಿ ವಾಪಸ್ ಕೊಡಬಾರದು ಎನ್ನುವುದು ನಮ್ಮ ಒಳ್ಳೆಯ ಪದ್ಧತಿ. ನನ್ನ ತಾಯಿಯೂ ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತಿದ್ದರು. ಅದರಲ್ಲಿ ಅಕ್ಕಪಕ್ಕದವರ ಪ್ರೀತಿ ಓಡಾಡುತ್ತದೆ. ಆದರೆ ಆಪರೇಷನ್ ಆದ ಕಾಲಿನಲ್ಲಿ, ವಾಕರ್ ಹಿಡಿದುಕೊಂಡು ಒಲೆಯ ಮುಂದೆ ನಿಂತು ಪಾಕ ಕಾಯಿಸಿದಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತು? ಯಾರ ಹಂಗಿನಲ್ಲೂ ಇರಬಾರದು ಎನ್ನುವುದೇ ಇತ್ತಲ್ಲವೇ? ಕೈ ಚಾಚದೆ ಬದುಕಬೇಕು ಎಂದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಅನ್ನದ ಜೊತೆ ಉಣಿಸುತ್ತಾರೆ. ಸಂಬಳದಲ್ಲಿ ಮನೆ ನಡೆಸಿದ ನಮ್ಮಂಥವರಿಗೆ ಅದೇ ಮರ್ಯಾದೆ. ಲೋಕದ ವ್ಯವಹಾರದಲ್ಲಿ ಅದು ನಮ್ಮನ್ನು ಕಾಪಾಡಿದೆ, ನಾನು ಅದನ್ನು ಹಳಿಯುವುದಿಲ್ಲ. ಆದರೆ ಅದೇ ಮರ್ಯಾದೆಯನ್ನು ದೇವರ ಮುಂದೆಯೂ ಕಾಯ್ದುಕೊಳ್ಳಲು ಹೊರಟಾಗ ನಾವು ಕೃಪೆಯನ್ನು ಸಾಲ ಎಂದು ಬರೆದಿಟ್ಟುಕೊಳ್ಳುತ್ತೇವೆ. ಒಗೆದ ಆಲ್ಟರ್ ಬಟ್ಟೆ, ಸಂಡೆ ಸ್ಕೂಲು, ಸುಗ್ಗಿ ಹಬ್ಬದ ಓಡಾಟ, ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಆರು ವರ್ಷದಿಂದ ನೀವು ಅವುಗಳನ್ನು ಕಂತು ಕಟ್ಟಿದಂತೆ ಕಟ್ಟುತ್ತಿದ್ದೀರೋ ಏನೋ ಎಂದು ನನಗೆ ಸಂಕಟವಾಗುತ್ತದೆ. ಕಂತು ಎಂದು ತೀರುತ್ತದೆ ಎಂದು ನಿಮಗೆ ಗೊತ್ತೇ? ಗೆಳತಿ ಕಂಡದ್ದು ಇದನ್ನು.

ಎರಡನೇ ಅರಸುಗಳ 5ನೇ ಅಧ್ಯಾಯದ ನಾಮಾನನನ್ನು ಈ ವಿಷಯಕ್ಕೆ ಮತ್ತೆ ಮತ್ತೆ ಓದುತ್ತೇನೆ. ಸಂಡೆ ಸ್ಕೂಲಿನಲ್ಲಿ ಏಳು ಸಲ ಮುಳುಗಿದ ಕುಷ್ಠರೋಗಿಯ ಕಥೆಯಾಗಿ ಹೇಳಿ ಮುಗಿಸುತ್ತೇವೆ. ಅವನ ಸಾಮಾನಿನ ಪಟ್ಟಿಯನ್ನು ಬಿಟ್ಟುಬಿಡುತ್ತೇವೆ. ಅರಾಮಿನ ಸೇನಾಪತಿ ಅವನು. ಹೊರಡುವಾಗ 10 ತಲಾಂತು ಬೆಳ್ಳಿ, 6,000 ಶೆಕೆಲ್ ತೂಕದ ಬಂಗಾರ, 10 ಜೊತೆ ಬಟ್ಟೆ ಕಟ್ಟಿಕೊಂಡ. ಬೆಳ್ಳಿಯೊಂದೇ ಮುನ್ನೂರು ಕಿಲೋಗೂ ಮೇಲೆ. ವಾಸಿಯಾದರೆ ಸರಿಯಾದ ಬೆಲೆ ಕೊಟ್ಟು ಬರಬೇಕು, ಯಾರ ಹಂಗೂ ಬೇಡ! ಇಸ್ರಾಯೇಲಿನ ಪ್ರವಾದಿ ಎಲೀಷನ ಬಾಗಿಲಿಗೆ ಕುದುರೆ ರಥಗಳೊಂದಿಗೆ ಬಂದು ನಿಂತ. ಪ್ರವಾದಿ ಹೊರಗೂ ಬರಲಿಲ್ಲ. ಯೊರ್ದನ್ ಹೊಳೆಯಲ್ಲಿ ಏಳು ಸಲ ಸ್ನಾನ ಮಾಡು ಎಂದು ಆಳಿನ ಕೈಲಿ ಹೇಳಿಕಳಿಸಿದ. ನಾಮಾನನಿಗೆ ರೇಗಿಹೋಯಿತು. ನಮ್ಮ ದಮಸ್ಕದ ಅಬಾನಾ, ಪರ್ಪರ್ ಹೊಳೆಗಳು ಇದಕ್ಕಿಂತ ಕಡಮೆಯೇ ಎಂದು ತಿರುಗಿ ಹೊರಟುಬಿಟ್ಟ. ಆಗ ಅವನ ಆಳುಗಳು ಆಡಿದ ಮಾತಿನಲ್ಲಿ ಇಡೀ ಕಥೆಯ ಜೀವವಿದೆ: ಅಪ್ಪಾ, ಪ್ರವಾದಿ ಏನಾದರೂ ದೊಡ್ಡ ಕೆಲಸ ಹೇಳಿದ್ದರೆ ಮಾಡುತ್ತಿದ್ದೆಯಲ್ಲವೇ, ಸ್ನಾನ ಮಾಡಿ ಶುದ್ಧನಾಗು ಎಂದದ್ದಕ್ಕೆ ಯಾಕೆ ಒಲ್ಲೆ?

ನಿಮಗೂ ಯಾರಾದರೂ ದೊಡ್ಡ ಪ್ರಾಯಶ್ಚಿತ್ತ ಹೇಳಿದ್ದರೆ ಇಷ್ಟು ಹೊತ್ತಿಗೆ ಮಾಡಿ ಮುಗಿಸಿರುತ್ತಿದ್ದಿರಿ.

ವಾಸಿಯಾದ ಮೇಲೆ ನಾಮಾನ ಕಾಣಿಕೆ ಹಿಡಿದು ವಾಪಸ್ ಬಂದ. ಎಲೀಷ ಒಂದು ಕಾಸನ್ನೂ ಮುಟ್ಟಲಿಲ್ಲ. ಮುಂದಿನ ಮಾತನ್ನು ಓದಿದಾಗಲೆಲ್ಲ ನನಗೆ ಮನಸ್ಸು ತುಂಬಿಬರುತ್ತದೆ. ಅಷ್ಟು ಹೊತ್ತು ಕೊಡುತ್ತೇನೆ, ಕೊಡುತ್ತೇನೆ ಎನ್ನುತ್ತಿದ್ದ ಸೇನಾಪತಿ ಮೊದಲ ಸಲ ಬೇಡುತ್ತಾನೆ: ಹಾಗಾದರೆ ಎರಡು ಹೇಸರಗತ್ತೆ ಹೊರುವಷ್ಟು ಮಣ್ಣನ್ನಾದರೂ ನನಗೆ ಕೊಡಿ. ಲ್ಯಾಟಿನಿನಲ್ಲಿ ದೀನತೆಗಿರುವ ‘ಹುಮಿಲಿತಾಸ್’ ಎಂಬ ಪದ ಮಣ್ಣು ಎಂಬರ್ಥದ ‘ಹುಮುಸ್’ನಿಂದ ಬಂದದ್ದು. ಬಂಗಾರ ಹೊತ್ತು ಬಂದವನು ಮಣ್ಣು ಕೇಳಿಕೊಂಡು ಹೋದ. ಎಲೀಷನ ಆಳು ಗೇಹಜಿ ಮಾತ್ರ ಬಿಟ್ಟಿ ಬಂದದ್ದಕ್ಕೆ ಬೆಲೆ ಕಟ್ಟದೆ ಇರಲಾರದೆ, ಹಿಂದೆ ಓಡಿ ಎರಡು ತಲಾಂತು ಬೆಳ್ಳಿ ಈಸಿಕೊಂಡ. ನಾಮಾನನ ಕುಷ್ಠ ಅವನಿಗೆ ಅಂಟಿತು.

ಇದನ್ನು ನಾನು ಪುಸ್ತಕದಿಂದ ಕಲಿತೆ ಎಂದುಕೊಂಡಿದ್ದೆ, ಕಲಿತಿರಲಿಲ್ಲ. ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ನಮ್ಮ ಸಭೆಯಲ್ಲಿ ಪವಿತ್ರ ಗುರುವಾರ ಹನ್ನೆರಡು ಮಂದಿಯ ಕಾಲು ತೊಳೆಯುವ ಪದ್ಧತಿಯಿತ್ತು. ವರ್ಷಗಟ್ಟಲೆ ತೊಳೆದಿದ್ದೇನೆ. ಬಂದು ಕೂರುವವರೆಲ್ಲ ಉಗುರು ಕತ್ತರಿಸಿ, ಸೋಪು ಹಾಕಿ ಉಜ್ಜಿ, ಒಗೆದ ಸಾಕ್ಸ್ ಹಾಕಿಕೊಂಡು ಬಂದಿರುತ್ತಾರೆ. ಪಾಪ, ಅಯ್ಯನವರ ಕೈಗೆ ಕೊಳೆ ಕಾಲು ಕೊಡುವುದು ಹೇಗೆ ಎಂಬ ಸಂಕೋಚ. ನಾಲ್ಕು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹದಿನೆಂಟು ದಿನ ಮಲಗಿದೆ. ಮೂರನೇ ದಿನವೋ ನಾಲ್ಕನೇ ದಿನವೋ ವಾರ್ಡಿನ ಹುಡುಗ ನೀಲಿ ಪ್ಲಾಸ್ಟಿಕ್ ಟಬ್ಬಿನಲ್ಲಿ ಬಿಸಿನೀರು ತಂದು ನನ್ನ ಕಾಲು ಒರೆಸಲು ಕೂತ. ಕೊಪ್ಪಳದ ಕಡೆಯವನು, ಇಪ್ಪತ್ತು ವರ್ಷವೂ ಇರಲಿಲ್ಲ. ಹಿಮ್ಮಡಿ ಒಡೆದು, ಚರ್ಮ ಏಳುತ್ತಿತ್ತು. ಸುಖವಾಗಿದ್ದ ಇನ್ನೊಂದು ಕಾಲನ್ನು ತಟ್ಟನೆ ಹಿಂದಕ್ಕೆ ಎಳೆದುಕೊಂಡೆ. ಬೇಡಪ್ಪಾ, ಮಗ ಬರುತ್ತಾನೆ, ಅವನು ಮಾಡುತ್ತಾನೆ ಎಂದೆ. ಅವನು ತಲೆಯೆತ್ತದೆ, ‘ಕಾಲು ಬಿಡ್ರಿ ಅಜ್ಜಾರ, ನೀರು ಆರ್ತಾವು’ ಎಂದ.

ಯೇಸುವಿನ ಶಿಷ್ಯ ಪೇತ್ರನ ಮಾತು ಆಗ ನೆನಪಾಯಿತು. ಯೋಹಾನನ 13ನೇ ಅಧ್ಯಾಯದಲ್ಲಿ, ನೀನು ನನ್ನ ಕಾಲನ್ನು ಎಂದಿಗೂ ತೊಳೆಯಬಾರದು ಎಂದು ಅವನು ಯೇಸುವಿಗೆ ಹೇಳುತ್ತಾನೆ. ಎಷ್ಟು ವಿನಯದ ಮಾತು ಎಂದು ಪ್ರಸಂಗಗಳಲ್ಲಿ ನಾನೇ ಹೊಗಳಿದ್ದೆ. ಯೇಸುವಿನ ಉತ್ತರವಾದರೋ, ನಾನು ನಿನ್ನನ್ನು ತೊಳೆಯದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ ಎಂದು. ಅಷ್ಟು ವರ್ಷ ಬಗ್ಗಿ ಕಾಲು ತೊಳೆಯುವುದೇ ದೀನತೆ ಎಂದು ನಂಬಿದ್ದೆ. ಬಗ್ಗುವುದು ನನಗೆ ಸುಲಭವಾಗಿತ್ತು, ಎಲ್ಲರೂ ನೋಡುತ್ತಿದ್ದರು. ಒಡೆದ ಹಿಮ್ಮಡಿಯನ್ನು ಗುರುತಿಲ್ಲದ ಹುಡುಗನ ಕೈಗೆ ಕೊಟ್ಟು ಸುಮ್ಮನೆ ಮಲಗುವುದು ಆಗಲಿಲ್ಲ. ಕೊಟ್ಟೆ, ಕಡೆಗೆ. ಅವನು ಬೆರಳುಗಳ ಸಂದಿಯನ್ನೂ ಬಿಡದೆ ಒರೆಸಿ, ಟವೆಲ್ ಹಿಂಡಿ, ಪಕ್ಕದ ಮಂಚಕ್ಕೆ ಹೋದ. ಅವನಿಗೆ ಕೊಡಲು ನನ್ನ ಹತ್ತಿರ ಆ ಹೊತ್ತು ಏನೂ ಇರಲಿಲ್ಲ.

ಪ್ರಯತ್ನಕ್ಕೆ ಏನರ್ಥ ಎಂದು ಕೇಳಿದ್ದೀರಿ. ಈ ಪ್ರಶ್ನೆ ನಿಮ್ಮೊಬ್ಬರದಲ್ಲ, ಐದನೇ ಶತಮಾನದಲ್ಲೇ ಸಭೆಯನ್ನು ಅಲುಗಾಡಿಸಿತು. ನೀನು ಆಜ್ಞಾಪಿಸುವುದನ್ನು ನೀನೇ ಕೊಡು, ಆಮೇಲೆ ನಿನಗೆ ಬೇಕಾದದ್ದನ್ನು ಆಜ್ಞಾಪಿಸು ಎಂದು ಉತ್ತರ ಆಫ್ರಿಕಾದ ಬಿಷಪ್ ಅಗಸ್ಟಿನ್ ಮಾಡಿದ ಪ್ರಾರ್ಥನೆಯನ್ನು ಕೇಳಿ ಪೆಲೇಜಿಯಸ್ ಎಂಬ ಸಂನ್ಯಾಸಿ ಕೆರಳಿದ. ಹೀಗಾದರೆ ಜನ ಸೋಮಾರಿಗಳಾಗುತ್ತಾರೆ, ಒಳ್ಳೆಯವರಾಗಲು ದುಡಿಯುವುದಿಲ್ಲ ಎನ್ನುವುದು ಅವನ ಚಿಂತೆ. ಅವನದು ಕಪಟವಿಲ್ಲದ ಚಿಂತೆ ಎಂದೇ ನಾನು ತಿಳಿದಿದ್ದೇನೆ. ಆದರೂ 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪ್ಪರು ಅವನ ಬೋಧನೆಯನ್ನು ತಳ್ಳಿಹಾಕಿದರು. ಕಾಯಿಲೆ ಬಿದ್ದಿರುವುದು ನಮ್ಮ ಇಚ್ಛೆಯೇ. ಪ್ರಯತ್ನಪಡುವ ಶಕ್ತಿಯೂ ಕೃಪೆಯಿಂದಲೇ ಬರಬೇಕು ಎನ್ನುವುದು ಅಗಸ್ಟಿನ್ನನ ವಾದ. ಕೃಪೆ ಎಷ್ಟು, ಕ್ರಿಯೆ ಎಷ್ಟು ಎಂಬ ಜಗಳದಲ್ಲಿ ಹದಿನಾರನೇ ಶತಮಾನದ ಸಭೆ ಒಡೆದೇಹೋಯಿತು. ನಮ್ಮ ಯಾವ ಪುಣ್ಯದಿಂದಲೂ ಅಲ್ಲದೆ ಕೃಪೆಯಿಂದಲೇ ದೇವರು ನಮ್ಮನ್ನು ಅಂಗೀಕರಿಸುತ್ತಾನೆ ಎಂದು ಆ ಒಡಕಿನ ಎರಡು ಕಡೆಯವರಾದ ಲೂಥರನ್ನರೂ ಕಥೋಲಿಕರೂ ಒಟ್ಟಿಗೆ ಬರೆದು ಸಹಿ ಹಾಕಿದ್ದು 1999ರ ಅಕ್ಟೋಬರ್ 31ರಂದು, ಜರ್ಮನಿಯ ಔಗ್ಸ್‌ಬುರ್ಗಿನಲ್ಲಿ. 1546ರಲ್ಲಿ ಸತ್ತ ಮಾರ್ಟಿನ್ ಲೂಥರ್ ಕೊನೆಯದಾಗಿ ಬರೆದಿಟ್ಟ ಚೀಟಿಯಲ್ಲಿದ್ದ ಮಾತು, ನಾವು ಭಿಕ್ಷುಕರು, ಇದು ನಿಜ ಎಂದು. ದೈವಶಾಸ್ತ್ರದ ಪಂಡಿತ ಅವನು. ಕಡೆಗೆ ಕೈ ಚಾಚಿಯೇ ಹೋದ.

ಬಿಟ್ಟಿ ಎಂದರೆ ಅಗ್ಗ ಎಂದು ಮಾತ್ರ ತಿಳಿಯಬೇಡಿ. ಕೊಟ್ಟವನಿಗೆ ಅದು ಶಿಲುಬೆಯಷ್ಟು ದುಬಾರಿಯಾಯಿತು. ತೆಗೆದುಕೊಂಡವರೂ ಮೊದಲಿನಂತೆ ಉಳಿಯುವುದಿಲ್ಲ. ಯೇಸುವನ್ನು ನೋಡಲು ಅತ್ತಿಮರ ಹತ್ತಿದ ಸುಂಕದವನು ಜಕ್ಕಾಯನನ್ನು ನೋಡಿ. ಮೋಸದಿಂದ ಸುಲಿದದ್ದನ್ನು ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಎಂದು ಅವನು ಎದ್ದುನಿಂತು ಹೇಳಿದ್ದು, ಯೇಸು ಅವನ ಮನೆಗೆ ಉಳಿದುಕೊಳ್ಳಲು ಬಂದ ಮೇಲೆ. ಮೊದಲು ಲೆಕ್ಕ ಚುಕ್ತಾ ಮಾಡು, ಆಮೇಲೆ ನಿನ್ನ ಮನೆಗೆ ಬರುತ್ತೇನೆ ಎಂದಿದ್ದರೆ ಅವನು ಇನ್ನೂ ಆ ಅತ್ತಿಮರದಲ್ಲೇ ಕೂತಿರುತ್ತಿದ್ದ. ನೀವು ಕೇಳಿದ ಪ್ರಯತ್ನದ ಜಾಗ ಅಲ್ಲಿದೆ, ಊಟದ ಆಚೆಗೆ.

ಅದಕ್ಕೇ ತಮ್ಮನ ವಿಷಯವನ್ನು ನಾನು ದಾಟಿಹೋಗಲಾರೆ. ಬಲಿಪೀಠದ ಹತ್ತಿರ ಕಾಣಿಕೆ ಬಿಟ್ಟು ಮೊದಲು ಸಹೋದರನ ಸಂಗಡ ಒಂದಾಗು, ಆಮೇಲೆ ಬಂದು ಕಾಣಿಕೆ ಕೊಡು ಎಂಬ ಮತ್ತಾಯನ 5ನೇ ಅಧ್ಯಾಯದ ಮಾತು ನಿಮ್ಮನ್ನು ಕಾಡಿದ್ದರೆ ಅದು ಸರಿಯಾಗಿಯೇ ಕಾಡಿದೆ. ಆದರೆ ಆ ವಚನ ನಿಮ್ಮನ್ನು ಕಳಿಸುವುದು ತಮ್ಮನ ಮನೆಗೆ. ಕೊನೆಯ ಬೆಂಚಿನ ಸುದ್ದಿ ಅದರಲ್ಲಿಲ್ಲ. ಒಂದು ಫೋನ್ ಮಾಡಿ. ಸೈಟಿನ ಮಾತೆತ್ತಬೇಡಿ, ಯಾರು ಸರಿ ಎಂಬ ಮಾತೂ ಬೇಡ. ಅಮ್ಮನ ಕೊನೆಯ ದಿನಗಳನ್ನು ಅವನು ನೋಡಿದ್ದಾನೆ, ನೀವು ನೋಡಿಲ್ಲ. ಆ ದಿನಗಳು ಹೇಗಿದ್ದವು, ಅಮ್ಮ ಏನು ಹೇಳುತ್ತಿದ್ದರು, ನನಗೆ ಹೇಳುತ್ತೀಯಾ ಎಂದು ಕೇಳಿ. ಕೊಡಲು ಅವನ ಹತ್ತಿರ ಇದೆ, ನಿಮಗೆ ಬೇಕಾಗಿದೆ. ಅವನು ಫೋನ್ ಇಟ್ಟುಬಿಟ್ಟರೂ ಇಡಬಹುದು. ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ ಎಲ್ಲರ ಸಂಗಡ ಸಮಾಧಾನವಾಗಿರಿ ಎಂದು ಪೌಲ ರೋಮಾಪುರದವರಿಗೆ ಬರೆದಾಗ ಆ ‘ಸಾಧ್ಯವಾದರೆ’ಯನ್ನು ಬೇಕೆಂದೇ ಸೇರಿಸಿದ. ಅವನ ಉತ್ತರಕ್ಕೆ ಕಾದು ಇನ್ನೂ ಆರು ವರ್ಷ ಪ್ರಭುಭೋಜನ ಬಿಡಬೇಡಿ.

ಅಮ್ಮನ ಹತ್ತಿರ ಕ್ಷಮೆ ಕೇಳುವ ದಾರಿ ಈ ಲೋಕದಲ್ಲಿ ಮುಚ್ಚಿಹೋಗಿದೆ. ಇದಕ್ಕೆ ನನ್ನ ಬಳಿ ಸಮಾಧಾನದ ಸಿಹಿಮಾತಿಲ್ಲ. ತಾಯಿಯ ಋಣ ತೀರುವುದಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ತಾಯಿಯ ಕಡೆಗಾಲದಲ್ಲಿ ಹಾಸಿಗೆಯ ಪಕ್ಕದಲ್ಲೇ ಕೂತಿದ್ದ ಮಕ್ಕಳದ್ದೂ ತೀರುವುದಿಲ್ಲ. ನಮ್ಮ ಹೃದಯವು ನಮ್ಮನ್ನು ದೋಷಿಯೆಂದು ನಿರ್ಣಯಿಸಿದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು, ಎಲ್ಲವನ್ನೂ ಬಲ್ಲವನು ಎಂದು ಯೋಹಾನನ ಒಂದನೇ ಪತ್ರಿಕೆಯ 3ನೇ ಅಧ್ಯಾಯದಲ್ಲಿದೆ. ಎಲ್ಲವನ್ನೂ ಎಂದರೆ ಆ ಆರು ತಿಂಗಳನ್ನೂ. ಅದನ್ನು ತಿಳಿದೇ ಕರೆಯುತ್ತಿದ್ದಾನೆ. ಈ ಒಂದು ವಚನವನ್ನು ರಾತ್ರಿ ಮಲಗುವ ಮುಂಚೆ ಬಾಯಿಬಿಟ್ಟು, ನಿಮ್ಮ ಕಿವಿಗೆ ಕೇಳುವಂತೆ ಓದಿಕೊಳ್ಳಿ.

ಇನ್ನು ಬರುವ ಪ್ರಭುಭೋಜನದ ಭಾನುವಾರ. ನಾಲ್ಕನೇ ಶತಮಾನದಲ್ಲಿ ಜೆರೂಸಲೇಮಿನ ಸಭೆಯಲ್ಲಿ ಹೊಸದಾಗಿ ದೀಕ್ಷಾಸ್ನಾನ ಪಡೆದವರಿಗೆ ಒಂದು ಪಾಠ ಹೇಳಿಕೊಡುತ್ತಿದ್ದರು: ಬಲಗೈಯ ಕೆಳಗೆ ಎಡಗೈಯನ್ನು ಸಿಂಹಾಸನದಂತೆ ಇಟ್ಟು, ಅಂಗೈ ಗುಳಿ ಮಾಡಿ, ಬರುತ್ತಿರುವ ಅರಸನನ್ನು ಬರಮಾಡಿಕೊಳ್ಳಿ ಎಂದು. ಎರಡೂ ಕೈ ಚಾಚಿದಾಗ ಬೇರೇನನ್ನೂ ಹಿಡಿದುಕೊಳ್ಳಲು ಆಗುವುದಿಲ್ಲ. ಕೈಚೀಲವನ್ನು ಬೆಂಚಿನ ಮೇಲೇ ಬಿಟ್ಟು ಹೋಗಿ.

ಮೊಣಕಾಲು ಬಗ್ಗದಿದ್ದರೆ ಬಲಿಪೀಠದ ಮುಂದಿನ ಕಟಕಟೆಯ ಹತ್ತಿರ ಮೊಣಕಾಲೂರಲು ಹೋಗಬೇಡಿ, ನಿಂತೇ ತೆಗೆದುಕೊಳ್ಳಬಹುದು. ಅಲ್ಲಿಯವರೆಗೆ ನಡೆಯುವುದು ಕಷ್ಟವಾದರೆ ಶನಿವಾರವೇ ನಿಮ್ಮ ಅಯ್ಯನವರಿಗೆ ಫೋನ್ ಮಾಡಿ, ನನ್ನ ಕೈಲಿ ಮುಂದೆ ಬರಲಾಗುವುದಿಲ್ಲ, ಬೆಂಚಿಗೇ ತಂದುಕೊಡಿ ಎಂದು ಕೇಳಿ. ತರುತ್ತಾರೆ.